ಕೊಲೊರಾಡೋ ಕಂದರಗಳ ಛಾಯಾಚಿತ್ರಗಳಲ್ಲಿ ವರ್ಣವಿರೋಧವೂ ಭಾವವೂ

ಉತ್ತರ ಅಮೆರಿಕಾ ಖಂಡದ ನೈರುತ್ಯ ಭಾಗದಲ್ಲಿ ಕೊಲೊರಾಡೋ ಎಂಬ ಮಹಾನದಿಯು ಕೆಂಗಲ್ಲಿನ ಪ್ರಸ್ಥಭೂಮಿಯನ್ನು ಸೀಳಿಕೊಂಡು ಹರಿಯುತ್ತದೆ. ಅದು ಕೊರೆದಿರುವ ಆಳವಾದ ಕಂದರಗಳನ್ನು ಆ ದೇಶದವರು ‘ಕ್ಯಾನ್ಯನ್’ ಎಂದು ಕರೆಯುತ್ತಾರೆ. ಇದು ಸ್ಪ್ಯಾನಿಷ್ ಭಾಷೆಯಿಂದ ಬಂದ ಶಬ್ದ. ನದಿಯ ಹೆಸರೂ ಅದೇ ಭಾಷೆಯದು. ಕೆಂಪುಬಣ್ಣದ್ದು ಎಂಬುದೇ ಅದರ ಅರ್ಥ. ಹೀಗೆ ಹೆಸರಿನಲ್ಲಿಯೇ ವರ್ಣವನ್ನು ಹೊತ್ತಿರುವ ನದಿಯ ಕಂದರಗಳನ್ನು ಛಾಯಾಚಿತ್ರದಲ್ಲಿ ಹಿಡಿಯಲು ಯತ್ನಿಸಿದವರಿಗೆ ಮೊದಲ ಹಲವು ದಶಕಗಳವರೆಗೆ ವರ್ಣವೇ ದೊರೆಯಲಿಲ್ಲ. ದೊರೆತ ಮೇಲೆ, ಅದನ್ನು ಅತ್ಯಂತ ಸಮರ್ಥವಾಗಿ ಪ್ರಯೋಗಿಸಿದ ಚಿತ್ರಗಳು ಗ್ರಂಥರೂಪದಲ್ಲಿ ಪ್ರಕಟವಾದ ವರ್ಷದಲ್ಲಿಯೇ ಅವುಗಳ ವಸ್ತುವಾದ ಕಂದರವು ನೀರಿನಲ್ಲಿ ಮುಳುಗತೊಡಗಿತು. ಈ ಎರಡು ಸಂಗತಿಗಳ ನಡುವಣ ಇತಿಹಾಸವೇ ಇಲ್ಲಿ ವಿಚಾರಿಸತಕ್ಕ ವಿಷಯ. ಆ ಚಿತ್ರಗಳ ಬಣ್ಣವು ನಿಜವಾದುದೇ, ಚಿತ್ರಕಾರನು ಕಲ್ಪಿಸಿದುದೇ ಎಂಬ ವಿವಾದವೂ ಇದರಲ್ಲಿ ಅಡಗಿದೆ. ಸ್ಥಳವೇ ಕಣ್ಮರೆಯಾದ ಮೇಲೆ ಅದು ಬರಿಯ ಕಲಾವಿಮರ್ಶೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಸಾಕ್ಷ್ಯದ ಪ್ರಶ್ನೆಯೂ ಆಗುತ್ತದೆ.

1871ರಲ್ಲಿ ಲೆಫ್ಟೆನೆಂಟ್ ಜಾರ್ಜ್ ವೀಲರನ ನೇತೃತ್ವದಲ್ಲಿ ಸರ್ಕಾರದ ಭೂಮಾಪನ ತಂಡವೊಂದು ಕೊಲೊರಾಡೋ ನದಿಯನ್ನು ಪ್ರವಾಹಕ್ಕೆ ಎದುರಾಗಿ ಏರಿಹೋಯಿತು. ಅದರೊಡನೆ ಇದ್ದ ಛಾಯಾಚಿತ್ರಕಾರನು ಟಿಮೊಥಿ ಓಸಲಿವನ್. ಅಮೆರಿಕಾದ ಅಂತರ್ಯುದ್ಧದ ರಣಭೂಮಿಗಳನ್ನು ಚಿತ್ರಿಸಿ ಹೆಸರಾಗಿದ್ದವನು. ಅವನ ದೋಣಿಗೆ ‘ಪಿಕ್ಚರ್’, ಎಂದರೆ ಚಿತ್ರ, ಎಂಬುದೇ ಹೆಸರು. ಆಗ ಬಳಕೆಯಲ್ಲಿದ್ದುದು ಹಸಿಫಲಕದ ಪದ್ಧತಿ. ಗಾಜಿನ ಫಲಕಕ್ಕೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಬಳಿದು, ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಅದು ಒದ್ದೆಯಾಗಿರುವಾಗಲೇ ಬೆಳಕಿಗೆ ಒಡ್ಡಿ, ಆರುವುದರೊಳಗಾಗಿ ಕತ್ತಲೆಯ ಗುಡಾರದಲ್ಲಿ ಸಂಸ್ಕರಿಸಬೇಕು. ಮರುಭೂಮಿಯ ಬಿಸಿಲಿನಲ್ಲಿ, ಕೆಸರುನೀರಿನ ನದಿಯ ದಡದಲ್ಲಿ, ಇದೆಷ್ಟು ಕ್ಲೇಶಕರವಾದ ಕಾರ್ಯವೆಂಬುದನ್ನು ವಿವರಿಸಬೇಕಾಗಿಲ್ಲ.

ಕ್ಲೇಶಕ್ಕಿಂತಲೂ ಇಲ್ಲಿ ಮುಖ್ಯವಾದುದು ಆ ಫಲಕದ ಸ್ವಭಾವ. ಅದಕ್ಕೆ ನೀಲಿ, ನೇರಿಳೆ ಕಿರಣಗಳೂ ಕಣ್ಣಿಗೆ ಕಾಣದ ಅತಿನೇರಿಳೆ ಕಿರಣಗಳೂ ಮಾತ್ರ ಗೋಚರ. ಕೆಂಪಿನ ವಿಷಯದಲ್ಲಿ ಅದು ಹುಟ್ಟುಗುರುಡು. ಕೆಂಗಲ್ಲು ನೀಲಕಿರಣಗಳನ್ನು ಬಹಳ ಸ್ವಲ್ಪವಾಗಿ ಹಿಂದಿರುಗಿಸುತ್ತದೆಯಾದ್ದರಿಂದ, ಬಿಸಿಲಿನಲ್ಲಿ ಕೆಂಡದಂತೆ ಉರಿಯುವ ಬಂಡೆಯೂ ಚಿತ್ರದಲ್ಲಿ ಮಬ್ಬಾಗಿ ಇಳಿಯಿತು. ನೀಲಿಯಾದ ಆಕಾಶವು ಬರಿಯ ಬಿಳಿಯ ಕಾಗದವಾಯಿತು. ನೆರಳು ಇದಕ್ಕೆ ವಿರುದ್ಧವಾಗಿ ವರ್ತಿಸಿತು. ನೆರಳಿನ ಮೇಲೆ ಬೀಳುವುದು ಆಕಾಶದ ನೀಲಿಯ ಬೆಳಕಷ್ಟೆ. ಅದು ಫಲಕಕ್ಕೆ ಪ್ರಿಯವಾದುದರಿಂದ, ಕಣ್ಣಿಗೆ ಕಪ್ಪಾಗಿ ಕಾಣುವ ನೆರಳುಗಳು ಚಿತ್ರದಲ್ಲಿ ತಿಳಿಯಾದವು. ದೂರದ ಮಂಜು ಇಮ್ಮಡಿಯಾಯಿತು. ಹೀಗೆ ಕಂದರದಲ್ಲಿ ನಿಂತವನ ಕಣ್ಣಿಗೆ ಯಾವುದು ಮುಖ್ಯ ವಿರೋಧವೋ, ಎಂದರೆ ಬಿಸಿಲಿನ ಕೆಂಪಿಗೂ ನೆರಳಿನ ನೀಲಿಗೂ ಇರುವ ವಿರೋಧ, ಅದನ್ನೇ ಈ ಪದ್ಧತಿಯು ತಗ್ಗಿಸಿ, ಕೆಲವೆಡೆ ತಲೆಕೆಳಗೂ ಮಾಡಿತು. ಆಕಾಶವು ಏಕೆ ನೀಲಿಯೆಂಬುದಕ್ಕೆ ಗಣಿತಬದ್ಧವಾದ ಉತ್ತರವನ್ನು ರ‍್ಯಾಲೀ ಎಂಬ ಆಂಗ್ಲ ವಿಜ್ಞಾನಿ ಪ್ರಕಟಿಸಿದುದು ಇದೇ 1871ರಲ್ಲಿ ಎಂಬುದು ಕಾಕತಾಳೀಯವಾದರೂ ಸ್ವಾರಸ್ಯವಾದ ಸಂಗತಿ.

ಆದರೆ ಸಮರ್ಥನಾದವನಿಗೆ ಉಪಕರಣದ ದೋಷವೂ ಗುಣವಾಗಬಲ್ಲದು. ಓಸಲಿವನನು 1873ರಲ್ಲಿ ನವಾಹೋ ಜನರ ನಾಡಾದ ಕ್ಯಾನ್ಯನ್ ಡಿ ಶೇ ಎಂಬ ಕಂದರದಲ್ಲಿ ಚಿತ್ರಿಸಿದ ಪ್ರಾಚೀನ ವಸತಿಗಳ ಚಿತ್ರವೇ ಇದಕ್ಕೆ ನಿದರ್ಶನ. ಚಿತ್ರದ ಬಹುಭಾಗವನ್ನು ಮಹಾಭಿತ್ತಿಯೊಂದೇ ಆವರಿಸಿದೆ. ಅದರ ಬುಡದ ಪೊಟರೆಯಲ್ಲಿ ಬಿಳಿಯ ಗಾರೆಯ ಪುಟ್ಟ ಮನೆಗಳು. ಕೆಂಪಿಗೆ ಕುರುಡಾದ ಫಲಕವು ಆ ಬಂಡೆಯ ಓರೆಪದರಗಳನ್ನೂ ಮೇಲಿಂದ ಇಳಿದ ಕಲೆಗಳನ್ನೂ ಒಂದೊಂದಾಗಿ ಎತ್ತಿ ತೋರಿಸಿತು. ಕೆಂಪಿಲ್ಲ, ಆಕಾಶವಿಲ್ಲ, ಇದ್ದರೂ ಮನುಷ್ಯನ ಅಲ್ಪತ್ವವೂ ಕಾಲದ ಭಾರವೂ ನೋಡುವವನ ಮನಸ್ಸಿಗೆ ತಟ್ಟುತ್ತವೆ. ಸುಮಾರು ಎಪ್ಪತ್ತು ವರ್ಷಗಳ ತರುವಾಯ ಆನ್ಸೆಲ್ ಆಡಮ್ಸ್ ಎಂಬ ಪ್ರಸಿದ್ಧ ಛಾಯಾಚಿತ್ರಕಾರನು ಹೆಚ್ಚು ಕಡಿಮೆ ಅದೇ ಸ್ಥಳದಲ್ಲಿ ನಿಂತು ಅದೇ ಭಿತ್ತಿಯನ್ನು ಚಿತ್ರಿಸಿದನು. ಆಗ ಎಲ್ಲ ವರ್ಣಗಳನ್ನೂ ಗ್ರಹಿಸುವ ಫಿಲ್ಮು ಅವನ ಕೈಯಲ್ಲಿದ್ದಿತು. ಆದರೂ ಕಪ್ಪು ಬಿಳುಪುಗಳ ಮೂಲಕವೇ ಅವನು ತನ್ನ ಸಿದ್ಧಿಯನ್ನು ಪಡೆದನಲ್ಲದೆ, ವರ್ಣಚಿತ್ರದ ವಿಷಯದಲ್ಲಿ ಸಂಶಯವನ್ನು ಇಟ್ಟುಕೊಂಡೇ ಇದ್ದನು. ಬಣ್ಣವಿಲ್ಲದೆ ಭಾವವಿಲ್ಲವೆಂದು ವಾದಿಸುವವರಿಗೆ ಈ ಎರಡು ಚಿತ್ರಗಳೇ ಪ್ರತ್ಯುತ್ತರ.

ಓಸಲಿವನನ ಫಲಕಗಳಿಗೆ ದಕ್ಕದ ಬಣ್ಣವನ್ನು ಅಷ್ಟರಲ್ಲಿ ಕುಂಚದವರು ಕೈಗೆತ್ತಿಕೊಂಡಿದ್ದರು. ಅಂತರ್ಯುದ್ಧದಲ್ಲಿ ಬಲತೋಳನ್ನು ಕಳೆದುಕೊಂಡಿದ್ದ ಜಾನ್ ವೆಸ್ಲಿ ಪೌವೆಲನು 1869ರಲ್ಲಿ ನಾಲ್ಕು ದೋಣಿಗಳೊಡನೆ ಕೊಲೊರಾಡೋ ಕಂದರಗಳನ್ನು ದಾಟಿ ಬಂದಿದ್ದನು. ಅವನ ಎರಡನೆಯ ಯಾತ್ರೆಯಲ್ಲಿ ಅಂಬಿಗನಾಗಿ ಸೇರಿದ ಜಾನ್ ಹಿಲ್ಲರ್ಸನು ದಾರಿಯಲ್ಲಿಯೇ ಛಾಯಾಚಿತ್ರಣವನ್ನು ಕಲಿತು 1872ರಿಂದ ತಂಡದ ಚಿತ್ರಕಾರನಾದನು. ಮರುವರ್ಷ ಪೌವೆಲನು ಥಾಮಸ್ ಮೋರನ್ ಎಂಬ ವರ್ಣಚಿತ್ರಕಾರನನ್ನು ಮಹಾಕಂದರದ ಅಂಚಿಗೆ ಕರೆದೊಯ್ದನು. ಅದರ ಫಲವಾಗಿ ಹುಟ್ಟಿದ ‘ಕೊಲೊರಾಡೋ ಕಮರಿ’ಯ ಬೃಹಚ್ಚಿತ್ರವನ್ನು 1874ರಲ್ಲಿ ಆ ದೇಶದ ಶಾಸನಸಭೆಯು 10,000 ಡಾಲರುಗಳಿಗೆ ಕೊಂಡುಕೊಂಡಿತು. ಕೆಂಬಂಡೆ, ಮಳೆಮೋಡದ ನೀಲಿ, ಮುಂಭಾಗದ ಕತ್ತಲೆ ಇವುಗಳ ವಿರೋಧದಿಂದ ಮೋರನನು ಭಯಾದ್ಭುತಗಳನ್ನು ಬೆರೆಸಿದನು. ಸ್ಥಳದ ಆಕೃತಿಯನ್ನು ಕಂಡಂತೆಯೇ ಬರೆಯುವ ಹಂಗು ಅವನಿಗೆ ಇರಲಿಲ್ಲ.

ಲೇಖನಿಯಿಂದ ವರ್ಣವನ್ನು ಹಿಡಿದವನು ಕ್ಲಾರೆನ್ಸ್ ಡಟನ್. ಇವನು ಭೂಗರ್ಭಶಾಸ್ತ್ರಜ್ಞ. ಇವನು 1882ರಲ್ಲಿ ಪ್ರಕಟಿಸಿದ ಮಹಾಕಂದರದ ವರದಿಯಲ್ಲಿ, ದಿನದ ಹೊತ್ತು ಸರಿದಂತೆ ಬಂಡೆಗಳ ಬಣ್ಣವೂ ಮಂಜೂ ಬದಲಾಗುವ ವರ್ಣನೆಯು ಶಾಸ್ತ್ರಗ್ರಂಥಕ್ಕೆ ಮೀರಿದ ಸೊಗಸಿನಿಂದ ಕೂಡಿದೆ. ಕಂದರದ ನಡುವೆ ನಿಂತ ಗಿರಿಗಳಲ್ಲಿ ಪೂರ್ವದೇಶಗಳ ದೇವಾಲಯಗಳ ಆಕಾರವನ್ನು ಕಂಡು ಅವುಗಳಿಗೆ ‘ವಿಷ್ಣುದೇವಾಲಯ’, ‘ಶಿವದೇವಾಲಯ’ ಎಂದು ಹೆಸರಿಟ್ಟವನೂ ಇವನೇ. ಮುಂದೆ ಕಂದರದ ತಳದಲ್ಲಿರುವ ಸುಮಾರು 170 ಕೋಟಿ ವರ್ಷಗಳ ಪ್ರಾಚೀನ ಶಿಲೆಗೂ ವಿಷ್ಣುವಿನ ಹೆಸರೇ ನಿಂತಿತು. ಭಾರತದೇಶದ ವಾಚಕರಿಗೆ ಸಂತೋಷವನ್ನು ಕೊಡತಕ್ಕ ಸಂಗತಿಯೇನೋ ಹೌದು. ಆದರೆ ಸಾವಿರಾರು ವರ್ಷಗಳಿಂದ ಅಲ್ಲಿ ಬಾಳಿದ ಜನರು ಆ ಗಿರಿಗಳನ್ನು ಯಾವ ಹೆಸರಿನಿಂದ ಕರೆಯುತ್ತಿದ್ದರೆಂಬುದನ್ನು ಕೇಳದೆಯೇ ಇಟ್ಟ ಹೆಸರುಗಳಿವು ಎಂಬುದನ್ನೂ ಮರೆಯಲಾಗದು.

ವರ್ಣಛಾಯಾಚಿತ್ರದ ಉತ್ಪತ್ತಿಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಮೂರು ಮೂಲವರ್ಣಗಳಿಂದ ಚಿತ್ರವನ್ನು ಕಟ್ಟಬಹುದೆಂದು ಮ್ಯಾಕ್ಸ್‌ವೆಲ್ಲನು 1861ರಲ್ಲಿ ಪ್ರಯೋಗದಿಂದ ತೋರಿಸಿದನು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಪ್ಪುಬಿಳುಪಿನ ನೆಗೆಟಿವಿನ ಮೇಲೆ ಕಲ್ಲಚ್ಚಿನಿಂದ ಬಣ್ಣಗಳನ್ನು ಹೇರಿ ಕಂದರಚಿತ್ರಗಳನ್ನು ಮಾರುತ್ತಿದ್ದರು. ಅದು ಅಲಂಕಾರವೇ ಹೊರತು ಗ್ರಹಣವಲ್ಲ. 1907ರಲ್ಲಿ ಫ್ರಾನ್ಸಿನ ಲೂಮಿಯೇರ್ ಸೋದರರು ಆಲೂಗಡ್ಡೆಯ ಪಿಷ್ಟದ ಕಣಗಳಿಗೆ ಬಣ್ಣವೂಡಿ ಮಾಡಿದ ‘ಆಟೋಕ್ರೋಮ್’ ಫಲಕವನ್ನು ಮಾರಾಟಕ್ಕೆ ತಂದರು. 1935ರಲ್ಲಿ ಕೊಡಾಕ್ ಸಂಸ್ಥೆಯು ‘ಕೊಡಾಕ್ರೋಮ್’ ಫಿಲ್ಮನ್ನು ಹೊರತಂದಿತು. ಇದನ್ನು ಕಂಡುಹಿಡಿದ ಮ್ಯಾನಸ್, ಗೊಡೌಸ್ಕಿ ಎಂಬಿಬ್ಬರೂ ಸಂಗೀತವಿದ್ವಾಂಸರು.

ಇನ್ನು ಕಂದರದ ಬೆಳಕಿನ ಸ್ವರೂಪವನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು. ಮುಂದಿನ ವಿವಾದವೆಲ್ಲ ಇದನ್ನು ಆಶ್ರಯಿಸಿದೆ. ಗ್ಲೆನ್ ಕ್ಯಾನ್ಯನ್ ಎಂಬುದು ಮಹಾಕಂದರಕ್ಕಿಂತ ಮೇಲ್ಗಡೆ, ಯೂಟಾ ಮತ್ತು ಅರಿಜೋನಾ ಪ್ರಾಂತಗಳಲ್ಲಿ ಸುಮಾರು 170 ಮೈಲಿ ಹಬ್ಬಿದ ಕಂದರ. ಅದರ ಗೋಡೆಗಳ ಮುಖ್ಯ ಶಿಲೆ ನವಾಹೋ ಮರಳುಗಲ್ಲು. ಪುರಾತನ ಕಾಲದಲ್ಲಿ ಗಾಳಿಯಿಂದ ಒಟ್ಟಲ್ಪಟ್ಟ ಮರಳದಿಬ್ಬಗಳೇ ಗಟ್ಟಿಯಾಗಿ ಕಲ್ಲಾದದ್ದು. ಒಂದೊಂದು ಮರಳಿನ ಕಣಕ್ಕೂ ಕಬ್ಬಿಣದ ತುಕ್ಕಿನ ತೆಳುವಾದ ಲೇಪವಿರುವುದರಿಂದ ಅದಕ್ಕೆ ಕೆಂಪು. ನದಿಗೆ ಸೇರುವ ಪಕ್ಕದ ಕಂದರಗಳು ಎಷ್ಟು ಇಕ್ಕಟ್ಟೆಂದರೆ, ಕೆಲವೆಡೆ ಎರಡು ಕೈಗಳನ್ನು ಚಾಚಿದರೆ ಎರಡು ಗೋಡೆಗಳೂ ತಾಗುತ್ತವೆ. ಇಂಥ ಸ್ಥಳಕ್ಕೆ ಬೆಳಕು ಮೂರು ದಾರಿಗಳಿಂದ ಬರುತ್ತದೆ. ನೇರವಾದ ಬಿಸಿಲು ಒಂದು. ಇದು ಅಲ್ಪಕಾಲದ್ದು, ಮತ್ತು ಬಂದಾಗ ಬಣ್ಣವನ್ನು ತಿಂದುಹಾಕುತ್ತದೆ. ತಲೆಯ ಮೇಲಿನ ಸೀಳಿನಿಂದ ಇಳಿಯುವ ಆಕಾಶದ ನೀಲಿ ಎರಡನೆಯದು. ಎದುರು ಗೋಡೆಯ ನೆತ್ತಿಗೆ ಬಿದ್ದ ಬಿಸಿಲು ಚಿಮ್ಮಿ, ಗೋಡೆಯಿಂದ ಗೋಡೆಗೆ ಬಡಿದು, ಒಂದೊಂದು ಬಡಿತಕ್ಕೂ ಹೆಚ್ಚು ಕೆಂಪೇರುತ್ತ ತಳವನ್ನು ಮುಟ್ಟುವುದು ಮೂರನೆಯದು. ಆದಕಾರಣ ಒಂದೇ ಕಲ್ಲು ಗೋಡೆಯತ್ತ ಮುಖಮಾಡಿದ ಕಡೆ ಕಿತ್ತಳೆಯಂತೆ ಹೊಳೆಯುತ್ತದೆ. ಆಕಾಶದತ್ತ ಮುಖಮಾಡಿದ ಕಡೆ ನೇರಿಳೆಯಾಗುತ್ತದೆ. ನೀರು ಇಳಿದ ಎಡೆಗಳಲ್ಲಿ ಬಂಡೆಗೆ ಕಬ್ಬಿಣ, ಮ್ಯಾಂಗನೀಸುಗಳ ಕಪ್ಪು ಮೆರುಗು ಹತ್ತಿರುತ್ತದೆ. ಓರೆಯಾಗಿ ನೋಡಿದರೆ ಅದು ಕನ್ನಡಿಯಂತೆ ಆಕಾಶವನ್ನು ಹಿಡಿದು ನೀಲಿಯಾಗಿ ತೋರುತ್ತದೆ. ಒಸರು ಇರುವಲ್ಲಿ ಜರಿಗಿಡಗಳ ಹಸುರು.

ಬಣ್ಣವೊಂದು ತನ್ನ ನೆರೆಯ ಬಣ್ಣದಿಂದ ಬೇರೆಯಾಗಿ ಕಾಣುತ್ತದೆ, ಪರಸ್ಪರ ವಿರುದ್ಧವಾದ ಬಣ್ಣಗಳು ಒಂದನ್ನೊಂದು ಉಜ್ಜ್ವಲಗೊಳಿಸುತ್ತವೆ ಎಂಬ ತತ್ತ್ವವನ್ನು ಶೆವ್ರಲ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞನು 1839ರಲ್ಲಿ ಗ್ರಂಥರೂಪವಾಗಿ ಪ್ರತಿಪಾದಿಸಿದನು. ಅವನು ಪ್ಯಾರಿಸಿನ ಗೋಬ್ಲಾ ನೇಯ್ಗೆಮನೆಯಲ್ಲಿ ಬಣ್ಣಗಾರಿಕೆಯ ಮುಖ್ಯಾಧಿಕಾರಿಯಾಗಿದ್ದವನು. ನೂಲಿನ ಬಣ್ಣವು ಕಂದಿದೆಯೆಂದು ದೂರು ಬಂದಲ್ಲಿ ದೋಷವು ನೂಲಿನದಲ್ಲ, ಅದರ ನೆರೆಯದೆಂದು ಕಂಡುಕೊಂಡನು. ಕಂದರದಲ್ಲಿ ಕೆಂಪು, ಹಸುರು, ಕಿತ್ತಳೆ, ನೀಲಿಗಳು ನಿಸರ್ಗದಿಂದಲೇ ಹೀಗೆ ಜೋಡಿಯಾಗಿ ನಿಂತಿವೆ.

ವರ್ಣಕ್ಕೂ ಭಾವಕ್ಕೂ ಇರುವ ಸಂಬಂಧವು ಸಂಸ್ಕೃತಜ್ಞರಿಗೆ ಹೊಸದಲ್ಲ. ಭರತನು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಒಂದೊಂದು ರಸಕ್ಕೆ ಒಂದೊಂದು ವರ್ಣವನ್ನು ವಿಧಿಸಿದ್ದಾನೆ: ರೌದ್ರಕ್ಕೆ ಕೆಂಪು, ಅದ್ಭುತಕ್ಕೆ ಹಳದಿ, ಭಯಾನಕಕ್ಕೆ ಕಪ್ಪು, ಕರುಣಕ್ಕೆ ಪಾರಿವಾಳದ ಬೂದುಬಣ್ಣ. ಈ ಪಟ್ಟಿಯನ್ನೇ ಪ್ರಮಾಣವಾಗಿ ಹಿಡಿದರೆ ಕೆಂಗಲ್ಲಿನ ಕಂದರವೆಲ್ಲ ರೌದ್ರವಾಗಿಯೇ ಕಾಣಬೇಕು. ಹಾಗೆ ಕಾಣುವುದಿಲ್ಲ. ಇಲ್ಲಿ ಉಪಯೋಗಕ್ಕೆ ಬರುವವನು ಆನಂದವರ್ಧನನು. ಪರುಷವಾದ ಅಕ್ಷರಗಳು ಶೃಂಗಾರಕ್ಕೆ ಕುಂದು ತರುತ್ತವೆ, ಅವೇ ಬೀಭತ್ಸಾದಿಗಳಲ್ಲಿ ರಸವನ್ನು ಬೆಳಗುತ್ತವೆ ಎಂದು ಅವನ ಮತ. ಅಕ್ಷರಕ್ಕೂ ಬಣ್ಣಕ್ಕೂ ವರ್ಣವೆಂಬ ಹೆಸರು ಒಂದೇ. ಕನ್ನಡದ ‘ಬಣ್ಣ’ವೂ ಅದರ ತದ್ಭವವೇ. ಅಕ್ಷರದ ವಿಷಯದಲ್ಲಿ ಹೇಳಿದುದನ್ನು ಬಣ್ಣಕ್ಕೂ ಅನ್ವಯಿಸಿದರೆ ಶ್ಲೇಷಮಾತ್ರದ ಚಮತ್ಕಾರವಾಗಲಾರದು. ಕೆಂಪು ತಾನಾಗಿ ಯಾವ ರಸವನ್ನೂ ಹೇಳುವುದಿಲ್ಲ. ನೆರೆಯಲ್ಲಿ ಯಾವ ಬಣ್ಣವಿದೆ, ಎಷ್ಟಿದೆ, ಬೆಳಕು ಎಂಥದು ಎಂಬುದರಿಂದ ಅದರ ಧ್ವನಿ ನಿರ್ಧಾರವಾಗುತ್ತದೆ.

ಇದನ್ನು ಕಾರ್ಯರೂಪದಲ್ಲಿ ತೋರಿಸಿದವನು ಎಲಿಯಟ್ ಪೋರ್ಟರ್. 1901ರಲ್ಲಿ ಜನಿಸಿದ ಇವನು ವೈದ್ಯಪದವೀಧರನಾಗಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಜೀವರಸಾಯನಶಾಸ್ತ್ರವನ್ನು ಬೋಧಿಸುತ್ತಿದ್ದು, 1939ರ ವೇಳೆಗೆ ಆ ವೃತ್ತಿಯನ್ನು ಬಿಟ್ಟು ಛಾಯಾಚಿತ್ರಣಕ್ಕೆ ಬಂದನು. ಬಣ್ಣಕ್ಕೆ ತಿರುಗಿದುದು ಪಕ್ಷಿಗಳ ನಿಮಿತ್ತ. ಕಪ್ಪುಬಿಳುಪಿನಲ್ಲಿ ಹಕ್ಕಿಯ ಜಾತಿಯೇ ಸರಿಯಾಗಿ ಗೊತ್ತಾಗುವುದಿಲ್ಲವೆಂಬ ವ್ಯಾವಹಾರಿಕ ಕಾರಣ. ಅವನು 1960ರಲ್ಲಿ ಮೊದಲ ಬಾರಿಗೆ ಗ್ಲೆನ್ ಕ್ಯಾನ್ಯನ್ನಿಗೆ ಹೋದಾಗ ಅಲ್ಲಿ ಅಣೆಕಟ್ಟಿನ ಕೆಲಸ ನಡೆಯುತ್ತಿದ್ದಿತು. ಮುಂದಿನ ವರ್ಷಗಳಲ್ಲಿ ಮತ್ತೆ ಮತ್ತೆ ಹೋದನು.

ಅವನ ಚಿತ್ರಗಳಲ್ಲಿ ವಿಶಾಲವಾದ ನೋಟವು ವಿರಳ. ಆಕಾಶ ಬಹುಮಟ್ಟಿಗೆ ಇಲ್ಲವೇ ಇಲ್ಲ. ಮೋರನನು ಕಂದರದ ಅಂಚಿನ ಮೇಲೆ ನಿಂತು ಕೆಳಗೆ ನೋಡಿದನು. ಪೋರ್ಟರನು ತಳದಲ್ಲಿ ನಿಂತು ಎದುರಿನ ಗೋಡೆಯನ್ನು, ಕಾಲಕೆಳಗಿನ ನೀರನ್ನು ನೋಡಿದನು. ನೇರವಾದ ಬಿಸಿಲನ್ನು ಬಿಟ್ಟು, ಚಿಮ್ಮಿಬಂದ ಬೆಳಕನ್ನು ಆರಿಸಿಕೊಂಡನು. 1962ರ ಸೆಪ್ಟೆಂಬರಿನಲ್ಲಿ ಮೋಕಿ ಕ್ರೀಕಿನಲ್ಲಿ ತೆಗೆದ, ಹೊಳೆಯಲ್ಲಿ ಹಸುರಿನ ಪ್ರತಿಬಿಂಬವನ್ನು ತೋರಿಸುವ ಚಿತ್ರವನ್ನು ಉದಾಹರಿಸಬಹುದು. ಹಸುರಿನ ಮೂಲವಾದ ಗಿಡಕ್ಕಿಂತ ನೀರಿನಲ್ಲಿ ಅಲುಗುವ ಅದರ ಬಣ್ಣವೇ ಅಲ್ಲಿ ಪ್ರಧಾನ. ವಸ್ತುವನ್ನು ಮರೆಮಾಡಿ ಅದರ ವರ್ಣವನ್ನು ಮಾತ್ರ ಉಳಿಸುವ ಈ ಕ್ರಮದಿಂದ ಕಂದರದ ಅಗಾಧತೆ ಹೋಗಿ ಏಕಾಂತ ಬಂದಿತು, ಭಯ ಹೋಗಿ ಶಾಂತಿ ಬಂದಿತು. ಕೆಂಪು ಅಲ್ಲಿ ರೌದ್ರವಲ್ಲ. ನೇರಿಳೆಯ ನೆರಳಿನ ಸಹವಾಸದಿಂದ ಅದು ದೀಪವಾರುವ ಹೊತ್ತಿನ ಗರ್ಭಗುಡಿಯ ಬೆಳಕಿನಂತಾಗಿದೆ.

ಇಂಥ ಬಣ್ಣಗಳು ಪ್ರಕೃತಿಯಲ್ಲಿ ಇಲ್ಲವೆಂದು ಆಕ್ಷೇಪಿಸಿದವರುಂಟು. ಆಕ್ಷೇಪವು ಪೂರ್ತಿ ನಿರಾಧಾರವಲ್ಲ. ಪೋರ್ಟರನು ಆಶ್ರಯಿಸಿದ ‘ಡೈ ಟ್ರಾನ್ಸ್‌ಫರ್’ ಪದ್ಧತಿಯಲ್ಲಿ ಚಿತ್ರವನ್ನು ಮೂರು ವರ್ಣಗಳಾಗಿ ಬಿಡಿಸಿ, ಒಂದೊಂದು ಬಣ್ಣವನ್ನೂ ಬೇರೆ ಬೇರೆಯಾಗಿ ಕಾಗದಕ್ಕೆ ಇಳಿಸಬೇಕಾಗಿದ್ದಿತು. ಹೀಗಾಗಿ ಗಾಢತೆಯನ್ನು ಏರಿಸಿ ತಗ್ಗಿಸುವ ಸ್ವಾತಂತ್ರ್ಯ ಮುದ್ರಕನಿಗೆ ಬಹಳ. ಅದನ್ನು ಅವನು ಉಪಯೋಗಿಸಿಕೊಂಡನು. ಆದರೆ ಮುಖ್ಯವಾದ ಆಕ್ಷೇಪ, ನೆರಳು ನೇರಿಳೆಯಾಗಿರಲಾರದು ಎಂಬುದು, ನಿಲ್ಲುವುದಿಲ್ಲ. ಮನುಷ್ಯನ ಕಣ್ಣು ಇರುವ ಬೆಳಕಿಗೆ ಹೊಂದಿಕೊಂಡು, ಬಿಳಿಯ ವಸ್ತುವನ್ನು ನೆರಳಿನಲ್ಲಿಯೂ ಬಿಳಿಯೆಂದೇ ಗ್ರಹಿಸುತ್ತದೆ. ಕಲ್ಲು ಕೆಂಪೆಂದು ಬಲ್ಲವನು ನೆರಳಿನಲ್ಲಿಯೂ ಕೆಂಪನ್ನೇ ಕಾಣುತ್ತಾನೆ. ಫಿಲ್ಮಿಗೆ ಈ ಪೂರ್ವಸಂಸ್ಕಾರವಿಲ್ಲ. ಹಗಲಿನ ಫಿಲ್ಮು ಸುಮಾರು 5500 ಕೆಲ್ವಿನ್ ವರ್ಣೋಷ್ಣತೆಯ ಬೆಳಕಿಗೆ ಹೊಂದಿಸಿದುದು. ನಿರ್ಮಲಾಕಾಶದ ಕೆಳಗಿನ ನೆರಳು ಅದಕ್ಕಿಂತ ಬಹಳ ನೀಲಿ. ಆದ್ದರಿಂದ ಇರುವ ನೀಲಿಯನ್ನೇ ಫಿಲ್ಮು ಹೇಳಿತು. ಅದನ್ನು ನೋಡಿಯೂ ನೋಡದಂತಿದ್ದುದು ಕಣ್ಣು. ಹಸಿಫಲಕವು ಆಕಾಶದ ನೀಲಿಯನ್ನು ಬಿಳಿದು ಮಾಡಿತು, ವರ್ಣಫಿಲ್ಮು ನೆರಳಿನ ನೀಲಿಯನ್ನು ಹೊರಗೆಡಹಿತು. ಮೊದಲನೆಯದನ್ನು ಸತ್ಯವೆಂದು ಒಪ್ಪಿದವರು ಎರಡನೆಯದನ್ನು ಸುಳ್ಳೆಂದುದು ಅಭ್ಯಾಸಬಲದಿಂದಲ್ಲದೆ ಬೇರೆಯಲ್ಲ.

ಪೋರ್ಟರನ ಮೇಲೆ ಹೊರಿಸಬಹುದಾದ ದೋಷವು ಬೇರೆ ಕಡೆ ಇದೆ. ‘ಸಿಯೆರಾ ಕ್ಲಬ್’ ಎಂಬ ನಿಸರ್ಗರಕ್ಷಣಸಂಘವು 1963ರಲ್ಲಿ ಡೇವಿಡ್ ಬ್ರೌವರನ ಸಂಪಾದಕತ್ವದಲ್ಲಿ ಈ ಚಿತ್ರಗಳನ್ನು ಪ್ರಕಟಿಸಿದಾಗ ಗ್ರಂಥಕ್ಕೆ ‘ಯಾರೂ ಅರಿಯದ ಸ್ಥಳ’ ಎಂಬರ್ಥದ ಹೆಸರನ್ನು ಇಟ್ಟಿತು. ಅರಿಯದಿದ್ದವರು ಯಾರು? ಪೌವೆಲನು ಆ ಕಂದರಕ್ಕೆ ಹೆಸರಿಟ್ಟು, ಸ್ವರವು ಮಾರ್ದನಿಗೊಡುವ ಅದರ ಗವಿಯೊಂದನ್ನು ‘ಸಂಗೀತಮಂದಿರ’ವೆಂದು ಕರೆದು ತೊಂಬತ್ತು ವರ್ಷಗಳಾಗಿದ್ದವು. ಅದಕ್ಕೆ ಶತಮಾನಗಳ ಹಿಂದೆಯೇ ಜನರು ಅಲ್ಲಿ ಮನೆಗಳನ್ನು ಕಟ್ಟಿ ಬಂಡೆಗಳ ಮೇಲೆ ರೂಪಗಳನ್ನು ಕೊರೆದಿದ್ದರು. ನವಾಹೋ ಜನರು ಆಗಲೂ ನೆರೆಯಲ್ಲಿಯೇ ಇದ್ದರು. ಪೋರ್ಟರನ ಚೌಕಟ್ಟಿನೊಳಗೆ ಮನುಷ್ಯನಿಗೆ ಸ್ಥಳವಿಲ್ಲದುದರಿಂದ ಶಾಂತಿ ಸಿದ್ಧಿಸಿತು, ಆದರೆ ಇತಿಹಾಸವು ಊನವಾಯಿತು. ಓಸಲಿವನನ ವರ್ಣವಿಲ್ಲದ ಚಿತ್ರದ ಬುಡದಲ್ಲಿ ಮನೆಗಳಿವೆ ಎಂಬುದನ್ನು ಇಲ್ಲಿ ಸ್ಮರಿಸಬೇಕು.

ಗ್ರಂಥದ ಹಿನ್ನೆಲೆಯೂ ಖೇದಕರವಾದುದು. 1950ರ ದಶಕದಲ್ಲಿ ಎಕೋ ಪಾರ್ಕ್ ಎಂಬಲ್ಲಿ ಅಣೆಕಟ್ಟು ಕಟ್ಟುವುದನ್ನು ಆ ಸಂಘವು ತೀವ್ರವಾಗಿ ವಿರೋಧಿಸಿತು. 1956ರ ಶಾಸನದಿಂದ ಎಕೋ ಪಾರ್ಕ್ ಉಳಿಯಿತು. ಗ್ಲೆನ್ ಕ್ಯಾನ್ಯನ್ನಿನ ಅಣೆಕಟ್ಟು ಅದೇ ಶಾಸನದಲ್ಲಿ ಸೇರಿತು. ಆಗ ಸಂಘವು ತನ್ನ ವಿರೋಧವನ್ನು ಹಿಂದೆಗೆದುಕೊಂಡಿತು. ಒಂದನ್ನು ಉಳಿಸಿಕೊಳ್ಳಲು ಬಿಟ್ಟುಕೊಟ್ಟ ಮತ್ತೊಂದು ಎಂಥದೆಂದು ಬ್ರೌವರನಿಗೆ ತಿಳಿದದ್ದು ತಡವಾಗಿ. ಗ್ಲೆನ್ ಕ್ಯಾನ್ಯನ್ ಸತ್ತಿತು, ಅನಾವಶ್ಯಕವಾದ ಆ ಸಾವಿಗೆ ತಾನೂ ಒಂದು ಪಾಲು ಹೊಣೆಯೆಂದು ಅವನು ಗ್ರಂಥದ ಮುನ್ನುಡಿಯಲ್ಲಿಯೇ ಒಪ್ಪಿಕೊಂಡನು. 710 ಅಡಿ ಎತ್ತರದ ಅಣೆಕಟ್ಟಿನ ಬಾಗಿಲುಗಳು 1963ರ ಮಾರ್ಚ್ 13ರಂದು ಮುಚ್ಚಿದವು. ಕಂದರವನ್ನು ಮುಳುಗಿಸಿದ ಸರೋವರಕ್ಕೆ ಕಂದರಕ್ಕೆ ಹೆಸರಿಟ್ಟ ಪೌವೆಲನ ಹೆಸರೇ ಬಂದಿತು. ಮಹಾಕಂದರದೊಳಗೇ ಕಟ್ಟಬೇಕೆಂದಿದ್ದ ಅಣೆಕಟ್ಟುಗಳು 1968ರ ಶಾಸನದಿಂದ ಬಿಟ್ಟುಹೋದುದಕ್ಕೆ ಈ ಬಗೆಯ ಚಿತ್ರಗ್ರಂಥಗಳು ಹುಟ್ಟಿಸಿದ ಲೋಕಾಭಿಪ್ರಾಯವೂ ಒಂದು ಕಾರಣವೆನ್ನಬಹುದು.

ಹೀಗಾಗಿ, ಚಿತ್ರಿಸುವಾಗ ಪ್ರಶಾಂತವಾಗಿದ್ದ ಬಣ್ಣಗಳನ್ನು ವಾಚಕನು ನೋಡುವ ಹೊತ್ತಿಗೆ ಅವು ಕರುಣಕ್ಕೆ ತಿರುಗಿದ್ದವು. ಕರುಣಕ್ಕೆ ಬೂದುಬಣ್ಣವೆಂದು ಭರತನ ವಿಧಿ. ಇಲ್ಲಿಯಾದರೋ ಕಿತ್ತಳೆ, ಹಸುರು, ನೇರಿಳೆಗಳ ಉಜ್ಜ್ವಲತೆಯೇ ಶೋಕದ ಉದ್ದೀಪನವಾಗಿದೆ. ಆರಿಸಿಕೊಂಡ ಬೆಳಕಿನಿಂದ ಚಿತ್ರಕಾರನು ಶಾಂತಿಯನ್ನು ಕಟ್ಟಿದನು. ಕರುಣವನ್ನು ತಂದುದು ಚಿತ್ರದ ಹೊರಗಿನ ಸಂಗತಿ. ಅಣೆಕಟ್ಟಿನ ಚಿತ್ರವೊಂದನ್ನು ಜೊತೆಗಿಟ್ಟಿದ್ದರೆ ಅದು ದೂರಾಗುತ್ತಿತ್ತು, ಇಡದಿದ್ದುದರಿಂದ ವಿಲಾಪವಾಯಿತು.

ಸರೋವರವು ತುಂಬಿದುದು ಹದಿನೇಳು ವರ್ಷಗಳ ಮೇಲೆ, 1980ರ ಜೂನ್ 22ರಂದು. 2000ದ ತರುವಾಯ ಅನಾವೃಷ್ಟಿಯಿಂದಲೂ ನೀರಿನ ಬಳಕೆಯಿಂದಲೂ ಅದು ಇಳಿಯತೊಡಗಿತು. ಫಿಲಿಪ್ ಹೈಡ್ ಎಂಬ ಛಾಯಾಚಿತ್ರಕಾರನು 1964ರಲ್ಲಿ ಚಿತ್ರಿಸಿದ್ದ, ‘ಮರುಭೂಮಿಯ ಮಹಾಮಂದಿರ’ವೆಂಬ ಅರ್ಥದ ಹೆಸರಿನ ಶಿಲಾಕುಹರವು 2005ರಲ್ಲಿ ತನ್ನ ಜಲಪಾತದೊಡನೆ ಕೆಲಕಾಲ ಹೊರಗೆ ಕಾಣಿಸಿಕೊಂಡಿತು. 2023ರ ಆರಂಭದಲ್ಲಿ ನೀರು ತುಂಬಿದ ಮಟ್ಟಕ್ಕಿಂತ 170 ಅಡಿಗಳಿಗೂ ಮೀರಿ ಕೆಳಗಿಳಿದು, ಸರೋವರವು ತುಂಬಿದ ಮೇಲಿನ ಅತ್ಯಂತ ಕನಿಷ್ಠ ಮಟ್ಟವನ್ನು ಮುಟ್ಟಿತು. ಪಕ್ಕದ ಕಂದರಗಳಲ್ಲಿ ಪ್ರವಾಹವು ಹೂಳನ್ನು ಕೊಚ್ಚಿದಲ್ಲಿ ಗಿಡಗಳು ಮತ್ತೆ ಚಿಗುರಿವೆ. ಗೋಡೆಗಳ ಮೇಲೆ ಮಾತ್ರ ನೀರು ಬಿಟ್ಟುಹೋದ ಸುಣ್ಣದಂಥ ಲವಣದ ಬಿಳಿಯ ಪಟ್ಟೆಯೊಂದು, ಮೇಲಂಚಿನಲ್ಲಿ ಗೆರೆ ಹೊಡೆದಂತೆ ಸಮವಾಗಿ, ಕಂದರದ ಉದ್ದಕ್ಕೂ ಹರಡಿದೆ. ಪೋರ್ಟರನ ಚಿತ್ರಗಳೊಡನೆ ಹೋಲಿಸಿ ನೋಡುವವರಿಗೆ ಆ ಗೆರೆಯ ಮೇಲ್ಗಡೆ, ನೆರಳಿನ ಹೊತ್ತಿನಲ್ಲಿ, ಕೆಂಪಿನೊಡನೆ ಅದೇ ನೇರಿಳೆಯು ದೊರೆಯುತ್ತದೆ.